ಬ್ಯಾಂಡ್ ಕೈಕೊಟ್ಟ ಮೇಲೆ: ಕೊಡಗಿನಿಂದ ಮರುಶಸ್ತ್ರಚಿಕಿತ್ಸೆಗೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ತೂಕ ಇಳಿಸಲೆಂದು ಜಠರಕ್ಕೆ ಉಂಗುರದಂಥ ಬ್ಯಾಂಡ್ ಹಾಕಿಸಿಕೊಂಡ ಮೇಲೆ ನನ್ನ ಅಕ್ಕ ಯಾವ ಮದುವೆಗೆ ಹೋದರೂ ಊಟಕ್ಕೆ ಕೂರುತ್ತಿದ್ದದ್ದು ಕೈತೊಳೆಯುವ ಜಾಗಕ್ಕೆ ಹತ್ತಿರದ ಸಾಲಿನಲ್ಲಿ. ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ಎರಡನೆಯ ತುತ್ತಿಗೆ ಎದೆಯ ನಡುವೆ ಏನೋ ಕಚ್ಚಿ ಹಿಡಿದಂತಾಗುತ್ತಿತ್ತು, ಬಾಯಲ್ಲಿ ನೊರೆಯಂಥ ಜೊಲ್ಲು ತುಂಬುತ್ತಿತ್ತು. ಎದ್ದು ಹೋಗಿ ವಾಂತಿ ಮಾಡಿ, ಮುಖ ತೊಳೆದು, ನಗುತ್ತ ಬಂದು ಕೂರುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು. ಬ್ಯಾಂಡ್ ಹಾಕಿದ ಆಸ್ಪತ್ರೆಯವರು ಪ್ರತಿ ಬಾರಿಯೂ ‘ನೀವು ಬೇಗ ಬೇಗ ತಿನ್ನುತ್ತೀರಿ’ ಎಂದರು. ಅವಳೂ ಅದನ್ನು ನಂಬಿದಳು, ಮನೆಯವರಾದ ನಾವೂ ನಂಬಿದೆವು. ಕೊನೆಗೆ ಬೇರೊಬ್ಬ ವೈದ್ಯರು ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಿದಾಗ ಬ್ಯಾಂಡ್ ಜಾರಿರುವುದೂ ಅದರ ಮೇಲಿನ ಅನ್ನನಾಳ ಅಗಲವಾಗಿರುವುದೂ ಕಂಡಿತು. ತಿನ್ನುವ ವೇಗಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಅವಳಿಗೆ ಎರಡು ಹಂತಗಳಲ್ಲಿ ಮರುಶಸ್ತ್ರಚಿಕಿತ್ಸೆ ಆಯಿತು. ಆ ಓಡಾಟದಲ್ಲಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಇಷ್ಟರಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ‘ಮುಂದೆ ಯಾವ ಆಪರೇಷನ್?’ ಎಂಬ ಪ್ರಶ್ನೆಗಿಂತ ಮೊದಲು ‘ಹಳೆಯದು ಏಕೆ ಕೆಟ್ಟಿತು?’ ಎಂಬುದಕ್ಕೆ ಉತ್ತರ ಸಿಗಬೇಕು.

ಕಾಯಬಾರದ ಲಕ್ಷಣಗಳು

ನೀರೂ ಇಳಿಯದಿದ್ದರೆ, ಸ್ವಂತ ಉಗುಳನ್ನೂ ನುಂಗಲಾಗದಿದ್ದರೆ, ಮೇಲ್ಹೊಟ್ಟೆಯಲ್ಲಿ ಅಥವಾ ಎದೆಯಲ್ಲಿ ಬಿಡದೆ ನೋಯುತ್ತಿದ್ದರೆ, ವಾಂತಿಯಲ್ಲಿ ರಕ್ತ ಬಂದರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಜಾರಿದ ಬ್ಯಾಂಡ್ ಜಠರದ ರಕ್ತಸಂಚಾರವನ್ನೇ ಹಿಸುಕಬಲ್ಲದು. ಅಂಥ ಹೊತ್ತಿನಲ್ಲಿ ಬೆಂಗಳೂರಿನ ದಾರಿ ಹಿಡಿಯುವುದಕ್ಕಿಂತ ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆ ಇದೆ. ಹೋದ ಕೂಡಲೇ ಹೇಳಬೇಕಾದ ಮಾತು: ‘ನನ್ನ ಹೊಟ್ಟೆಯಲ್ಲಿ ಗ್ಯಾಸ್ಟ್ರಿಕ್ ಬ್ಯಾಂಡ್ ಇದೆ, ಪೋರ್ಟಿನಿಂದ ಸಲೈನ್ ತೆಗೆಯಬೇಕಾಗಬಹುದು.’ ಚರ್ಮದಡಿಯ ಪುಟ್ಟ ದ್ವಾರವೇ ಪೋರ್ಟ್. ಅದರ ಮೂಲಕ ಸಲೈನ್, ಅಂದರೆ ಉಪ್ಪುನೀರು, ತುಂಬಿ ಬ್ಯಾಂಡನ್ನು ಬಿಗಿ ಮಾಡುತ್ತಾರೆ, ತೆಗೆದು ಸಡಿಲಿಸುತ್ತಾರೆ. ಬ್ಯಾಂಡ್ ಸಡಿಲವಾದರೆ ಅನೇಕರಿಗೆ ಆ ಗಳಿಗೆಯಲ್ಲೇ ನೀರು ಇಳಿಯುತ್ತದೆ. ಹಾಗೆ ಇಳಿದರೂ ಎಕ್ಸ್‌ರೇ ಮತ್ತು ಸರ್ಜನ್‌ರ ಪರೀಕ್ಷೆ ಬಿಡುವಂತಿಲ್ಲ.

ಪೋರ್ಟಿಗೆ ಚುಚ್ಚಲು ಹ್ಯೂಬರ್ ಸೂಜಿ ಎಂಬ ವಿಶೇಷ ಸೂಜಿ ಬೇಕು. ಸಾಮಾನ್ಯ ಸೂಜಿ ಪೋರ್ಟಿನ ರಬ್ಬರನ್ನು ಕೊರೆದು ಸೋರುವಂತೆ ಮಾಡಬಹುದು. ಕ್ಯಾನ್ಸರ್ ರೋಗಿಗಳ ಕಿಮೋಪೋರ್ಟಿಗೂ ಇದೇ ಬಗೆಯ ಸೂಜಿ ಬಳಸುವುದರಿಂದ ಕಿಮೋ ಕೊಡುವ ಆಸ್ಪತ್ರೆಯಲ್ಲಿ ಅದು ಸಿಗುವ ಸಾಧ್ಯತೆ ಹೆಚ್ಚು. ನಿಮ್ಮ ಸರ್ಜನ್‌ರನ್ನು ಕೇಳಿ ಅಂಥ ಒಂದೆರಡು ಸೂಜಿಗಳನ್ನೂ, ತುರ್ತಿನಲ್ಲಿ ಏನು ಮಾಡಬೇಕೆಂಬ ಒಂದು ಪುಟದ ಪತ್ರವನ್ನೂ ಮನೆಯಲ್ಲಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ ನಮ್ಮ ಜಿಲ್ಲೆಯಲ್ಲಿ ಈ ಪತ್ರಕ್ಕೆ ಬೆಲೆ ಇದೆ.

ಇನ್ನೊಂದು ಅಪಾಯ ನಮ್ಮ ಅಭ್ಯಾಸದಲ್ಲೇ ಅಡಗಿದೆ. ವಾಂತಿಯಿಂದ ಸುಸ್ತಾದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತೇವೆ. ಎರಡು ಮೂರು ವಾರ ವಾಂತಿ ನಡೆದಿದ್ದರೆ ದೇಹದಲ್ಲಿನ ಬಿ1 ಜೀವಸತ್ವ, ಅಂದರೆ ಥಯಮಿನ್, ಬರಿದಾಗಿರಬಹುದು. ಆ ಸ್ಥಿತಿಯಲ್ಲಿ ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ನಡೆಯುವಾಗ ತೂರಾಡುವುದು, ಎರಡೆರಡಾಗಿ ಕಾಣುವುದು, ಮಾತಿನಲ್ಲಿ ಗೊಂದಲ ಅದರ ಗುರುತುಗಳು. ‘ಮೊದಲು ಥಯಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್’ ಎಂದು ವೈದ್ಯರಿಗೆ ನೆನಪಿಸಲು ಸಂಕೋಚ ಬೇಡ.

ಮೊದಲ ಹೆಜ್ಜೆ: ಹಳೆಯ ಕಾಗದ

ಬ್ಯಾಂಡ್ ಎಂದರೆ ಜಠರದ ಮೇಲ್ಭಾಗಕ್ಕೆ ಸುತ್ತಿದ ಸಿಲಿಕೋನ್ ಉಂಗುರ. ಒಳಮೈಯಲ್ಲಿ ಒಂದು ಬಲೂನು, ಅಲ್ಲಿಂದ ತೆಳು ಕೊಳವೆ, ಕೊಳವೆಯ ತುದಿಯಲ್ಲಿ ಚರ್ಮದಡಿಯ ಪೋರ್ಟ್. 1993ರಲ್ಲಿ ಬೆಲ್ಜಿಯಂನಲ್ಲಿ ಮೊದಲ ಬಾರಿಗೆ ಲ್ಯಾಪರೋಸ್ಕೋಪಿಯ (ಸಣ್ಣ ರಂಧ್ರಗಳ ಶಸ್ತ್ರಚಿಕಿತ್ಸೆ) ಮೂಲಕ ಹಾಕಿದ ಮೇಲೆ ಇದು ಲೋಕವೆಲ್ಲ ಹರಡಿತು. ಜಠರವನ್ನು ಕತ್ತರಿಸಬೇಕಿಲ್ಲ, ಬೇಡವೆನಿಸಿದರೆ ತೆಗೆಯಬಹುದು ಎಂಬುದೇ ಇದರ ಆಕರ್ಷಣೆ. ಈಗ ಹೊಸದಾಗಿ ಹಾಕುವುದು ವಿರಳ. ಹಾಗಾಗಿ ನಿಮ್ಮ ಮುಂದೆ ಕುಳಿತ ವೈದ್ಯರಿಗೆ ನಿಮ್ಮ ಬ್ಯಾಂಡಿನ ಕಥೆಯನ್ನು ನೀವೇ ಹೇಳಬೇಕಾಗುತ್ತದೆ, ಅದಕ್ಕೆ ಕಾಗದ ಬೇಕು.

ಬೇಕಾದವು: ಶಸ್ತ್ರಚಿಕಿತ್ಸೆಯ ವಿವರ ಬರೆದ ಆಪರೇಷನ್ ನೋಟ್, ಡಿಸ್ಚಾರ್ಜ್ ಸಾರಾಂಶ, ಬ್ಯಾಂಡಿನ ಕಂಪನಿ ಮತ್ತು ಮಾದರಿ ಇರುವ ಸ್ಟಿಕರ್, ಯಾವ ದಿನ ಎಷ್ಟು ಮಿಲಿಲೀಟರ್ ಸಲೈನ್ ತುಂಬಿದರು ಎಂಬ ಪಟ್ಟಿ, ಬ್ಯಾಂಡ್ ಹಾಕುವ ಮೊದಲಿನ ತೂಕದ ದಾಖಲೆ. ಮಾದರಿಯಿಂದ ಮಾದರಿಗೆ ಹಿಡಿಯುವ ಸಲೈನ್ ಬೇರೆ ಬೇರೆಯಾದ್ದರಿಂದ ಸ್ಟಿಕರ್ ಮುಖ್ಯ. ತುಂಬಿದಷ್ಟು ಸಲೈನ್ ವಾಪಸ್ ಬರದಿದ್ದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ, ಆದರೆ ಎಷ್ಟು ತುಂಬಿದ್ದರು ಎಂಬುದು ಗೊತ್ತಿದ್ದರೆ ತಾನೆ ಅದು ತಿಳಿಯುವುದು?

2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಗಳ ಪ್ರಕಾರ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದರೆ ದಾಖಲೆಯನ್ನು ಕಾಪಾಡಬೇಕಾದದ್ದು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಮಾತ್ರ. ಹತ್ತು ಹದಿನೈದು ವರ್ಷದ ಹಿಂದಿನ ಕಡತ ಆಸ್ಪತ್ರೆಯಲ್ಲಿ ಇಲ್ಲದೆಯೂ ಹೋಗಬಹುದು. ಅಕ್ಕನ ವಿಷಯದಲ್ಲಿ ಅದೇ ಆಯಿತು. ಕೊನೆಗೆ ಭಾವನ ಕಪಾಟಿನಲ್ಲಿ ತೋಟದ ಕಂದಾಯ ರಸೀದಿಗಳ ನಡುವೆ ಆ ಡಿಸ್ಚಾರ್ಜ್ ಕಾಗದ ಸಿಕ್ಕಿತು. ಲಿಖಿತವಾಗಿ ಕೇಳಿ, ಮನೆಯನ್ನೂ ಜಾಲಾಡಿ. ಏನೂ ಸಿಗದಿದ್ದರೂ ದಾರಿ ಮುಚ್ಚುವುದಿಲ್ಲ, ಎಕ್ಸ್‌ರೇ ನೋಡಿಯೇ ಬ್ಯಾಂಡ್ ಹೇಗೆ ಕುಳಿತಿದೆ ಎಂದು ಅನುಭವಿಗಳು ಹೇಳಬಲ್ಲರು.

ಇದರ ಜೊತೆಗೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏನು ತಿಂದಾಗ ಸಿಕ್ಕಿಕೊಂಡಿತು, ಎಷ್ಟು ಸಲ ವಾಂತಿಯಾಯಿತು, ರಾತ್ರಿ ಮಲಗಿದಾಗ ಹುಳಿ ನೀರು ಬಾಯಿಗೆ ಬಂತೆ, ಕೆಮ್ಮಿ ಎದ್ದಿರಾ. ಸರ್ಜನ್ ಮುಂದೆ ಹತ್ತು ನಿಮಿಷ ಮಾತ್ರ ಸಿಗುತ್ತದೆ. ಆಗ ‘ಯಾವಾಗಲೂ ಹೀಗೇ ಡಾಕ್ಟರೇ’ ಎಂಬುದಕ್ಕಿಂತ ‘ಹದಿನಾಲ್ಕು ದಿನಗಳಲ್ಲಿ ಒಂಬತ್ತು ವಾಂತಿ, ಐದು ರಾತ್ರಿ ಕೆಮ್ಮು’ ಎಂಬುದಕ್ಕೆ ತೂಕ ಹೆಚ್ಚು.

ಎರಡನೆಯದು: ಕೆಟ್ಟದ್ದು ಏನು ಎಂದು ಪತ್ತೆ ಮಾಡುವುದು

ಬ್ಯಾಂಡ್ ಹಲವು ಬಗೆಯಲ್ಲಿ ಕೈಕೊಡುತ್ತದೆ. ಜಾರುವುದು ಒಂದು: ಕೆಳಗಿನ ಜಠರ ಉಂಗುರದೊಳಗಿಂದ ಮೇಲಕ್ಕೆ ನುಸುಳಿ, ವಾಂತಿ, ರಾತ್ರಿಯ ಹುಳಿತೇಗು ಹೆಚ್ಚುತ್ತವೆ. ಉಂಗುರ ಜಾರದೆಯೂ ಅದರ ಮೇಲಿನ ಚೀಲ ಅಥವಾ ಅನ್ನನಾಳ ಹಿಗ್ಗಬಹುದು. ಕೊಳವೆ ಸೋರಿದರೆ ತೊಂದರೆಯ ಬದಲು ಹಸಿವು ತಟ್ಟನೆ ಮರಳಿ ತೂಕ ಏರತೊಡಗುತ್ತದೆ. ಎಲ್ಲಕ್ಕಿಂತ ಮೋಸದ್ದು ಕೊರೆತ: ಬ್ಯಾಂಡ್ ಜಠರದ ಗೋಡೆಯನ್ನು ಸವೆಸಿಕೊಂಡು ಮೆಲ್ಲಗೆ ಒಳಗೆ ಸೇರುತ್ತದೆ. ಹೆಚ್ಚು ನೋವಿಲ್ಲದೆಯೇ ಇದು ನಡೆಯಬಹುದು. ಹಾಕಿ ವರ್ಷಗಳಾದ ಮೇಲೆ ಪೋರ್ಟಿನ ಜಾಗ ಕೆಂಪಾಗಿ ಕೀವು ಕಟ್ಟಿದರೆ ಅದನ್ನು ಚರ್ಮದ ಸೋಂಕು ಎಂದು ಆಂಟಿಬಯೋಟಿಕ್ ನುಂಗಿ ಮರೆಯಬೇಡಿ. ಒಳಗಿನ ಕೊರೆತ ಹೊರಗೆ ತೋರುವ ಮೊದಲ ಗುರುತು ಅದಾಗಿರಬಹುದು.

ಬೇರಿಯಂ ಎಕ್ಸ್‌ರೇ ಜಾರಿದ್ದನ್ನೂ ಹಿಗ್ಗಿದ್ದನ್ನೂ ತೋರಿಸುತ್ತದೆ. ಎಂಡೋಸ್ಕೋಪಿ ಕೊರೆತವನ್ನೂ ಅನ್ನನಾಳದ ಹುಣ್ಣನ್ನೂ ತೋರಿಸುತ್ತದೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ, ಎರಡೂ ಬೇಕು. ಅನ್ನನಾಳ ಅಗಲವಾಗಿದ್ದರೆ ಅದರ ಸ್ನಾಯು ಸರಿಯಾಗಿ ಒತ್ತುತ್ತಿದೆಯೇ ಎಂದು ಅಳೆಯುವ ಮ್ಯಾನೋಮೆಟ್ರಿಯನ್ನೂ ಕೇಳಬಹುದು. ಬ್ಯಾಂಡ್ ಪೂರ್ತಿ ಖಾಲಿ ಮಾಡಿ ಕೆಲವು ವಾರ ಬಿಟ್ಟು ಮತ್ತೆ ನೋಡಿದರೆ ಅನ್ನನಾಳ ಎಷ್ಟು ಸುಧಾರಿಸುತ್ತದೆ ಎಂಬುದು ತಿಳಿಯುತ್ತದೆ. ಆ ವಾರಗಳಲ್ಲಿ ತೂಕ ಏರಿದರೆ ಗಾಬರಿಯಾಗಬೇಡಿ, ಪಡೆಯುವ ಮಾಹಿತಿ ಅದಕ್ಕಿಂತ ದೊಡ್ಡದು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಆಲ್ಬುಮಿನ್, ಎಚ್‌ಬಿಎ1ಸಿ, ಥೈರಾಯ್ಡ್ ಇರಲಿ. ವರ್ಷಗಟ್ಟಲೆ ಮಾಂಸ, ಸೊಪ್ಪು ಇಳಿಯದೆ ಐಸ್‌ಕ್ರೀಂ, ಬಿಸ್ಕತ್ತಿನಂಥ ಕರಗುವ ತಿನಿಸಿನ ಮೇಲೆ ಬದುಕಿದವರು ತೂಕವಿದ್ದೂ ಸೊರಗಿರುತ್ತಾರೆ. ಅದನ್ನು ಸರಿಪಡಿಸಿಕೊಂಡೇ ಮೇಜಿನ ಮೇಲೆ ಮಲಗಬೇಕು.

ಮೂರನೆಯದು: ಯಾವ ದಾರಿ

ಕಾರಣ ತಿಳಿದ ಮೇಲೆ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ.

ಬ್ಯಾಂಡ್ ತೆಗೆಸಿ ಅಷ್ಟಕ್ಕೇ ನಿಲ್ಲುವುದೂ ಒಂದು ಆಯ್ಕೆ. ತೂಕ ಸಾಮಾನ್ಯವಾಗಿ ಮರಳುತ್ತದೆ ಎಂಬುದನ್ನು ತಿಳಿದೇ ನಿರ್ಧರಿಸಬೇಕು. ವಯಸ್ಸಾದವರಿಗೆ, ಇನ್ನೊಂದು ದೊಡ್ಡ ಶಸ್ತ್ರಚಿಕಿತ್ಸೆ ತಡೆಯಲಾರದವರಿಗೆ, ‘ನೆಮ್ಮದಿಯಾಗಿ ಒಂದು ಹೊತ್ತು ಉಂಡರೆ ಸಾಕು’ ಎನ್ನುವವರಿಗೆ ಇದು ಮರ್ಯಾದೆಯ ದಾರಿ. 2025ರಿಂದ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಇಂಜೆಕ್ಷನ್‌ಗಳು ತೂಕ ಇಳಿಸಲೆಂದೇ ನಮ್ಮ ದೇಶದಲ್ಲೂ ದೊರೆಯುತ್ತಿರುವುದರಿಂದ ತೆಗೆಸಿದ ಮೇಲೆ ಔಷಧದ ಆಸರೆಯ ಬಗ್ಗೆಯೂ ಕೇಳಬಹುದು. ಒಂದು ಎಚ್ಚರ: ಇವು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತವೆ. ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು.

ಸ್ಲೀವ್ ಎಂದರೆ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು ಬಾಳೆಕಾಯಿಯಂಥ ಕೊಳವೆ ಉಳಿಸುವುದು. ಕರುಳಿಗೆ ಕೈ ಹಾಕುವುದಿಲ್ಲ. ಆದರೆ ಹುಳಿತೇಗು, ಎದೆಯುರಿ, ಅನ್ನನಾಳದ ಹುಣ್ಣು ಇದ್ದವರಿಗೆ ಸ್ಲೀವ್ ಅದನ್ನು ಹೆಚ್ಚಿಸಬಹುದು. ಬ್ಯಾಂಡ್ ಇದ್ದ ಜಾಗದಲ್ಲಿ ಗಾಯದ ದಪ್ಪ ಅಂಗಾಂಶ ಬೆಳೆದಿರುತ್ತದೆ. ಕತ್ತರಿಸಿದ ಅಂಚನ್ನು ಮುಚ್ಚುವ ಸ್ಟೇಪಲ್ ಸಾಲು ಅದರ ಮೇಲೆ ಹಾದುಹೋದರೆ ಸೋರುವ ಭಯವಿದೆ.

ರೂ-ಆನ್-ವೈ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ ಅದಕ್ಕೆ ಸಣ್ಣಕರುಳನ್ನು ಜೋಡಿಸುತ್ತಾರೆ. ಬ್ಯಾಂಡಿನಿಂದ ಹುಳಿತೇಗು ಹಚ್ಚಿಕೊಂಡವರಿಗೆ ಸಾಮಾನ್ಯವಾಗಿ ಒಪ್ಪುವುದು ಇದೇ. ಅಕ್ಕನಿಗೂ ಇದನ್ನೇ ಮಾಡಿದರು. ಬದಲಾಗಿ ಜೀವನಪೂರ್ತಿ ಜೀವಸತ್ವದ ಮಾತ್ರೆ, ವರ್ಷ ವರ್ಷ ರಕ್ತ ಪರೀಕ್ಷೆ. ಮಿನಿ ಬೈಪಾಸ್ ಎಂಬುದು ಭಾರತದಲ್ಲಿ ಸಾಕಷ್ಟು ನಡೆಯುತ್ತದೆ. ಅದರಲ್ಲಿ ಜೋಡಣೆ ಎರಡು ಕಡೆಯ ಬದಲು ಒಂದೇ ಕಡೆ, ಸಮಯವೂ ಕಡಿಮೆ, ಆದರೆ ಪಿತ್ತರಸ ಮೇಲಕ್ಕೆ ನುಗ್ಗುವ ಸಾಧ್ಯತೆ ಇದೆ. ಅನ್ನನಾಳ ಈಗಾಗಲೇ ನೊಂದಿದ್ದರೆ ಈ ಮಾತನ್ನು ಸರ್ಜನ್ ಜೊತೆ ಬಿಡಿಸಿ ಕೇಳಿ.

ಒಂದೇ ಸಲಕ್ಕೆ ತೆಗೆದು ಹೊಸದನ್ನೂ ಮಾಡುವುದೋ, ತೆಗೆದು ಕಾದು ಮಾಡುವುದೋ? ಬ್ಯಾಂಡ್ ಜಠರವನ್ನು ಕೊರೆದಿದ್ದರೆ ಸಾಮಾನ್ಯವಾಗಿ ಎರಡು ಹಂತ: ಮೊದಲು ತೆಗೆದು ರಂಧ್ರ ಮಾಯಲು ಬಿಟ್ಟು, ಕನಿಷ್ಠ ಮೂರು ತಿಂಗಳ ಅನಂತರ ಉಳಿದದ್ದು. ತೀವ್ರವಾಗಿ ಜಾರಿ ಊದಿಕೊಂಡಿದ್ದರೂ ಕಾಯುವುದೇ ಕ್ಷೇಮ. ತೂಕ ಇಳಿಯದಿರುವುದಷ್ಟೇ ತೊಂದರೆಯಾಗಿ, ಅಂಗಾಂಶ ಚೆನ್ನಾಗಿದ್ದರೆ ಒಂದೇ ಸಲ ಮಾಡುವವರೂ ಇದ್ದಾರೆ. ದೂರದಿಂದ ಬಂದಿದ್ದೀರಿ ಎಂಬ ಕಾರಣಕ್ಕೆ ಒಂದೇ ಹಂತಕ್ಕೆ ಒತ್ತಾಯಿಸಬೇಡಿ. ಆ ತಪ್ಪನ್ನು ನಾನೇ ಮಾಡಹೊರಟಿದ್ದೆ, ಸರ್ಜನ್ ಒಪ್ಪಲಿಲ್ಲ. ಅವರಿಗೆ ಇಂದಿಗೂ ಕೃತಜ್ಞತೆ ಹೇಳುತ್ತೇನೆ.

ನಾಲ್ಕನೆಯದು: ಸರ್ಜನ್ ಮುಂದೆ ಕುಳಿತಾಗ

ಇದಕ್ಕೆ ಜಿಲ್ಲೆಯಿಂದ ಹೊರಗೆ ಹೋಗಬೇಕಾಗುತ್ತದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಸುಮಾರು 140, ಬೆಂಗಳೂರು 250ಕ್ಕೂ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ದೂರಕ್ಕಿಂತ ಅನುಭವ ಮುಖ್ಯ, ಆದರೆ ಅನುಭವ ಸಮನಾಗಿದ್ದರೆ ಹತ್ತಿರದ್ದನ್ನೇ ಹಿಡಿಯಿರಿ. ಮರುಶಸ್ತ್ರಚಿಕಿತ್ಸೆ ಒಂದು ದಿನಕ್ಕೆ ಮುಗಿಯುವ ಸಂಬಂಧವಲ್ಲ.

ಕೇಳಬೇಕಾದದ್ದನ್ನು ಬರೆದುಕೊಂಡು ಹೋಗಿ. ಒಟ್ಟು ಎಷ್ಟು ಬ್ಯಾರಿಯಾಟ್ರಿಕ್ (ತೂಕ ಇಳಿಸುವ) ಆಪರೇಷನ್ ಮಾಡಿದ್ದೀರಿ ಎಂಬುದಲ್ಲ, ಬ್ಯಾಂಡ್ ತೆಗೆದು ಬೇರೆ ಶಸ್ತ್ರಚಿಕಿತ್ಸೆಗೆ ಬದಲಿಸಿದ್ದು ಎಷ್ಟು ಎಂದು ಕೇಳಿ. ಅವುಗಳಲ್ಲಿ ಸೋರಿದ್ದು ಎಷ್ಟು? ಒಳಗೆ ನೋಡಿದಾಗ ಅಂಗಾಂಶ ಅಂಟಿಕೊಂಡು ಕೆಟ್ಟಿದ್ದರೆ ನಿಮ್ಮ ಎರಡನೆಯ ಯೋಜನೆ ಏನು? ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಯಾರು ಫೋನ್ ಎತ್ತುತ್ತಾರೆ? ಮೊದಲ ಸಲಕ್ಕಿಂತ ಮರುಶಸ್ತ್ರಚಿಕಿತ್ಸೆಯಲ್ಲಿ ಅಪಾಯ ಹೆಚ್ಚು ಎಂಬುದನ್ನು ಒಪ್ಪಿಕೊಂಡು ಬಿಡಿಸಿ ಹೇಳುವವರನ್ನು ನಂಬಿ. ‘ಏನೂ ಆಗುವುದಿಲ್ಲ, ಬನ್ನಿ’ ಎನ್ನುವವರ ಬಳಿಯಿಂದ ಎದ್ದು ಬಂದು ಇನ್ನೊಬ್ಬರ ಅಭಿಪ್ರಾಯ ಕೇಳಿ. ಎರಡನೆಯ ಅಭಿಪ್ರಾಯ ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ಐದನೆಯದು: ಹಣ ಮತ್ತು ವಿಮೆ

ವಿಮಾ ನಿಯಂತ್ರಣ ಪ್ರಾಧಿಕಾರವು ಆರೋಗ್ಯ ಪಾಲಿಸಿಗಳಿಗೆ ನಿಗದಿಪಡಿಸಿದ ವಾಕ್ಯದಂತೆ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಹಣ ಸಿಗಬೇಕಾದರೆ ವೈದ್ಯರ ಸಲಹೆ ಇರಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ಅಥವಾ ಹೆಚ್ಚಿರಬೇಕು. ಇಲ್ಲವೇ 35 ಅಥವಾ ಅದಕ್ಕೆ ಮೇಲಿದ್ದು, ಹೃದ್ರೋಗ, ತೀವ್ರವಾದ ನಿದ್ರಾ ಉಸಿರುಕಟ್ಟು, ಹತೋಟಿಗೆ ಬಾರದ ಟೈಪ್ 2 ಮಧುಮೇಹದಂಥದ್ದು ಇರಬೇಕು. 160 ಸೆಂ.ಮೀ. ಎತ್ತರದವರಿಗೆ 35 ಎಂದರೆ ಸುಮಾರು 90 ಕೆ.ಜಿ. ವೈದ್ಯಕೀಯ ಅಳತೆ ಇದಕ್ಕಿಂತ ಉದಾರ: 2022ರಲ್ಲಿ ಅಂತಾರಾಷ್ಟ್ರೀಯ ಸರ್ಜನ್ ಸಂಘಟನೆಗಳು ಹೊರಡಿಸಿದ ಮಾರ್ಗಸೂಚಿ ಏಷ್ಯಾದವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು ಎನ್ನುತ್ತದೆ. ವೈದ್ಯರು ‘ಅರ್ಹರು’ ಎಂದರೆ ವಿಮೆಯೂ ಹಾಗೆಂದಿತು ಎಂದುಕೊಳ್ಳಬೇಡಿ.

ನಿಮ್ಮ ತೊಂದರೆ ತೂಕದ್ದಷ್ಟೇ ಅಲ್ಲ, ಬ್ಯಾಂಡ್ ಜಾರಿದೆ ಅಥವಾ ಜಠರವನ್ನು ಕೊರೆದಿದೆ ಎಂದಿದ್ದರೆ ಸರ್ಜನ್ ಪತ್ರದಲ್ಲಿ ಅದು ಸ್ಪಷ್ಟವಾಗಿ, ಪರೀಕ್ಷೆಯ ವರದಿಯೊಂದಿಗೆ ಇರಬೇಕು. ಬರೀ ‘ತೂಕ ಇಳಿಸಲು’ ಎಂದು ಬರೆದ ಕಾಗದ ಮೇಜಿನಿಂದ ಮೇಜಿಗೆ ಹೋಗಿ ತಿರಸ್ಕಾರವಾಗಿ ಬರುತ್ತದೆ. ದಾಖಲಾಗುವ ಮೊದಲೇ ಲಿಖಿತ ಪೂರ್ವಾನುಮತಿ ಪಡೆಯಿರಿ. ತಿರಸ್ಕರಿಸಿದರೆ ಕಾರಣವನ್ನೂ ಬರಹದಲ್ಲಿ ಕೇಳಿ. ಮೊದಲು ಕಂಪನಿಗೆ ದೂರು, 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ. ಕೈಯಿಂದ ಹಣ ಹಾಕುವವರು ಅಂದಾಜಿನಲ್ಲಿ ಎರಡನೆಯ ಹಂತ, ಐಸಿಯು, ಆಕಸ್ಮಿಕವಾಗಿ ಉಳಿಯಬೇಕಾದ ದಿನಗಳು ಸೇರಿವೆಯೇ ಎಂದು ಕೇಳಿ.

ಆರನೆಯದು: ಯಾವಾಗ, ಹೇಗೆ ಹೊರಡುವುದು

ತುರ್ತಿದ್ದರೆ ಋತು ನೋಡುವಂತಿಲ್ಲ. ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. 2018ರ ಆಗಸ್ಟಿನಲ್ಲಿ ಸಂಪಾಜೆ ಘಾಟಿ ಕುಸಿದು ಮಂಗಳೂರಿನ ದಾರಿಯೇ ಮುಚ್ಚಿದ್ದನ್ನು ನಾವು ಕಂಡಿದ್ದೇವೆ. ತೋಟದವರಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಶಸ್ತ್ರಚಿಕಿತ್ಸೆಯ ಅನಂತರ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ಕಾವೇರಿ ತೀರ್ಥೋದ್ಭವ ಮುಗಿದ ಅಕ್ಟೋಬರ್ ಕೊನೆ ಅಥವಾ ಕೊಯ್ಲು ಮುಗಿದು ಕೈಯಲ್ಲಿ ಹಣವೂ ಇರುವ ಏಪ್ರಿಲ್ ಒಳ್ಳೆಯದು.

ಬೀಡಿ, ಸಿಗರೇಟನ್ನು ಕನಿಷ್ಠ ಆರು ವಾರ ಮೊದಲೇ ಬಿಡಬೇಕು, ಬೈಪಾಸ್ ಆದವರು ಮತ್ತೆ ಹಿಡಿಯಲೇಬಾರದು. ಜೋಡಣೆಯ ಜಾಗದಲ್ಲಿ ಹುಣ್ಣಾಗುವುದಕ್ಕೆ ಅದು ಒಂದು ದೊಡ್ಡ ಕಾರಣ. ಕೊನೆಯ ಎರಡು ವಾರ ಅನ್ನ, ಸಿಹಿ ತಗ್ಗಿಸಿದ ಪಥ್ಯ ಕೊಡುತ್ತಾರೆ. ಅದು ಯಕೃತ್ತನ್ನು ಕುಗ್ಗಿಸಿ ಸರ್ಜನ್‌ಗೆ ಜಾಗ ಮಾಡಿಕೊಡುತ್ತದೆ.

ಡಿಸ್ಚಾರ್ಜ್ ಆದ ಕೂಡಲೇ ಊರಿಗೆ ಹೊರಡಬೇಡಿ. ಸೋರಿಕೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಹತ್ತು ದಿನಗಳಲ್ಲಿ. ಅಷ್ಟು ದಿನ ಆಸ್ಪತ್ರೆಗೆ ಅರ್ಧ ಗಂಟೆಯ ದೂರದಲ್ಲಿ ನೆಂಟರ ಮನೆಯೋ ಬಾಡಿಗೆ ಕೋಣೆಯೋ ನೋಡಿಕೊಳ್ಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಟ್ಟುಕೊಂಡು ನಾಡಿ ಬರೆದಿಡಿ. ವಿಶ್ರಾಂತಿಯಲ್ಲೂ 120ರ ಮೇಲೆ ನಿಂತರೆ, ಜ್ವರ ಬಂದರೆ, ಎಡ ಭುಜ ನೋಯತೊಡಗಿದರೆ, ಉಸಿರು ಕಟ್ಟಿದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು.

ಮನೆಗೆ ಬಂದ ಮೇಲೆ

ಮೊದಲ ಎರಡು ವಾರ ದ್ರವ, ಆಮೇಲೆ ಎರಡು ವಾರ ಅರೆದದ್ದು, ಆಮೇಲೆ ಮೆತ್ತನೆಯದು ಎಂಬುದು ಸಾಮಾನ್ಯ ಕ್ರಮ. ನಿಮ್ಮ ಆಸ್ಪತ್ರೆಯ ಪಟ್ಟಿಯೇ ಅಂತಿಮ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಗುರಿ. ಸೋಸಿದ ಕೋಳಿ ಸಾರು, ಹೆಸರುಕಾಳಿನ ಕಟ್ಟು, ಮಜ್ಜಿಗೆಯಿಂದ ಆರಂಭಿಸಿ ಬೇಯಿಸಿದ ಮೊಟ್ಟೆ, ಮೀನಿಗೆ ಬನ್ನಿ. ಅಕ್ಕಿ ಒಟ್ಟಿ, ಕಡಂಬುಟ್ಟು ಅಂಟಿನ ಮುದ್ದೆಯಾಗಿ ಸಿಕ್ಕಿಕೊಳ್ಳುವುದರಿಂದ ಅವು ಕೊನೆಗೆ ಬರಲಿ. ಪಂದಿ ಕರಿಯೂ ಅಷ್ಟೇ: ಕೊಬ್ಬು ತೆಗೆದು ಚೆನ್ನಾಗಿ ಬೇಯಿಸಿದ ಸಣ್ಣ ತುಂಡು, ಅದೂ ತಿಂಗಳುಗಳಾದ ಮೇಲೆ. ಬೈಪಾಸ್ ಆದವರಿಗೆ ಬೆಲ್ಲದ ಕಾಫಿ, ಜೇನು ಇಳಿದ ಹದಿನೈದು ನಿಮಿಷಕ್ಕೆ ಎದೆ ಹೊಡೆದುಕೊಂಡು ಬೆವರಿ, ಹೊಟ್ಟೆ ನುಲಿಯಬಹುದು. ಅದನ್ನು ಡಂಪಿಂಗ್ ಎನ್ನುತ್ತಾರೆ.

ಮದ್ಯದ ವಿಷಯವನ್ನು ಮುಚ್ಚಿಡುವುದು ಬೇಡ, ನಮ್ಮ ಕಡೆ ಸಮಾರಂಭದಲ್ಲಿ ಒಂದು ಪೆಗ್ ಮರ್ಯಾದೆಯ ಭಾಗ. ಬೈಪಾಸ್ ಆದ ದೇಹಕ್ಕೆ ಅದು ಬೇಗ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ, ಚಟವಾಗುವ ಸಾಧ್ಯತೆಯೂ ಹೆಚ್ಚು. ಮನೆಯವರು ಒತ್ತಾಯಿಸದಿರುವುದೇ ಉಪಕಾರ. ಬೆನ್ನುನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ, ಅವು ಹುಣ್ಣು ಮಾಡುತ್ತವೆ. ಪ್ಯಾರಸಿಟಮಾಲ್ ಸಾಕು. ಹೆಣ್ಣುಮಕ್ಕಳು 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ಬೈಪಾಸ್ ಆದ ಮೇಲೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೆಯಾಗದಿರಬಹುದು ಎಂಬುದರಿಂದ ಬೇರೆ ವಿಧಾನ ಕೇಳಿ.

ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಎರಡು ಗಂಟೆಯ ಅಂತರದಲ್ಲಿ ನುಂಗಬೇಕು, ಕಬ್ಬಿಣದ ಜೊತೆಗೆ ಕಾಫಿ ಸಲ್ಲದು. ಅಕ್ಕ ಬೆಳಗಿನ ಕಾಫಿಯನ್ನು ಬಿಡಲು ಒಪ್ಪಲಿಲ್ಲ, ಕಬ್ಬಿಣವನ್ನು ರಾತ್ರಿಗೆ ಸರಿಸಿಕೊಂಡಳು. ಮೂರು, ಆರು, ಹನ್ನೆರಡನೆಯ ತಿಂಗಳು, ಅನಂತರ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ಇದಕ್ಕೆ ಪ್ರತಿ ಬಾರಿ ಬೆಂಗಳೂರಿಗೆ ಹೋಗಬೇಕಿಲ್ಲ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ರಕ್ತ ಕೊಟ್ಟು ವರದಿಯನ್ನು ಮೊಬೈಲಿನಲ್ಲಿ ಸರ್ಜನ್‌ಗೆ ಕಳುಹಿಸುವ ವ್ಯವಸ್ಥೆಯನ್ನು ಡಿಸ್ಚಾರ್ಜ್ ದಿನವೇ ಮಾತನಾಡಿಕೊಳ್ಳಿ. ಹೊಸ ಆಪರೇಷನ್ ನೋಟ್‌ನ ಮೂರು ಪ್ರತಿ ಮಾಡಿಸಿ: ಒಂದು ಮನೆಯಲ್ಲಿ, ಒಂದು ನಿಮ್ಮ ಚೀಲದಲ್ಲಿ, ಒಂದು ಊರಿನ ವೈದ್ಯರ ಬಳಿ.